ಅಡಕೆ ತೋಟದ ಬೋರ್ಡೋ ಮದ್ದು ಮತ್ತು ತೋಡಿನ ನೀರು

(ಕಾರ್ಕಳ ತಾಲ್ಲೂಕಿನ ತೋಟಗಾರರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಈ ದಿನ ನಾನು ಅಡಕೆ ತೋಟದ ಮದ್ದನ್ನೂ ನೀರನ್ನೂ ಕುರಿತು ನಾಲ್ಕು ಮಾತುಗಳನ್ನು ಹೇಳಬೇಕೆಂದು ಬಂದಿದ್ದೇನೆ. ಆದರೆ ಆ ಮಾತನ್ನು ದ್ರಾಕ್ಷಿ ತೋಟದಿಂದ ಪ್ರಾರಂಭಿಸಬೇಕಾಗಿದೆ. ಕಾರ್ಕಳದಲ್ಲಿ ಕುಳಿತು ದ್ರಾಕ್ಷಿಯ ಪ್ರಸ್ತಾಪವೇಕೆಂದು ತಾವು ಕೇಳಬಹುದು. ದ್ರಾಕ್ಷಿಯು ವಿಜಯಪುರ, ಬಾಗಲಕೋಟೆ, ಚಿಕ್ಕಬಳ್ಳಾಪುರ ಮೊದಲಾದ ಒಣಸೀಮೆಗಳ ಬೆಳೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಸುರಿಯತಕ್ಕ ನಮ್ಮ ಸೀಮೆಯಲ್ಲಿ ಅದಕ್ಕೆ ಕೈಹಾಕುವವನು ಹಣವನ್ನು ಹೊಳೆಗೆ ಚೆಲ್ಲಿದಂತೆಯೇ ಸರಿ. ಹಾಗಿದ್ದರೂ, ಮಳೆಗಾಲಕ್ಕೆ ಮುಂಚೆ ತಾವೆಲ್ಲರೂ ಪೀಪಾಯಿಯಲ್ಲಿ ಕದಡಿ ಅಡಕೆಯ ಗೊನೆಗಳಿಗೆ ಬಿಡುವ ಆ ನೀಲಿಬಣ್ಣದ ಮದ್ದು ದ್ರಾಕ್ಷಿ ತೋಟದಲ್ಲಿ ಹುಟ್ಟಿದ್ದು. ಅದರ ಗುಣವನ್ನು ನಾವು ದ್ರಾಕ್ಷಿಯವರಿಂದ ಕಲಿತೆವು. ಅದರ ದೋಷವನ್ನು ಮಾತ್ರ ಇನ್ನೂ ಅವರಿಂದ ಕಲಿತಿಲ್ಲ.

ಫ್ರಾನ್ಸ್ ದೇಶದ ಬೋರ್ಡೋ ಪ್ರಾಂತದಲ್ಲಿ ದಾರಿಯ ಮಗ್ಗುಲಿನ ದ್ರಾಕ್ಷಿ ಸಾಲುಗಳಿಗೆ ಮೈಲುತುತ್ತ ಮತ್ತು ಸುಣ್ಣವನ್ನು ಕಲಸಿ ಎರಚುವ ವಾಡಿಕೆಯಿತ್ತು. ಇದು ರೋಗಕ್ಕಾಗಿ ಮಾಡಿದ ಕೆಲಸವಲ್ಲ. ಹಾದಿಹೋಕರು ಹಣ್ಣನ್ನು ಕಿತ್ತು ತಿನ್ನದಿರಲೆಂದು, ನೋಡಿದೊಡನೆ ಅಸಹ್ಯವಾಗುವಂತೆ ಬಳಿಯುತ್ತಿದ್ದರು. 1882ರಲ್ಲಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರದ ಪಂಡಿತರು ಆ ಮಾರ್ಗವಾಗಿ ಹೋಗುತ್ತಿದ್ದಾಗ, ತೋಟದ ಒಳಗಿನ ಬಳ್ಳಿಗಳೆಲ್ಲ ಬೂಜು ರೋಗದಿಂದ ಎಲೆ ಉದುರಿಸಿ ನಿಂತಿರಲು, ದಾರಿಯ ಪಕ್ಕದ ಬಳ್ಳಿಗಳು ಮಾತ್ರ ಹಸುರಾಗಿರುವುದನ್ನು ಕಂಡರು. ಮೂರು ವರ್ಷ ಪ್ರಯೋಗ ನಡೆಸಿ 1885ರಲ್ಲಿ ಈ ಮದ್ದನ್ನು ಲೋಕಕ್ಕೆ ತಿಳಿಸಿದರು. ಕಳ್ಳರನ್ನು ಹೆದರಿಸಲು ಬಳಿದದ್ದು ಔಷಧವಾಗಿ ಪರಿಣಮಿಸಿತು.

ಇತ್ತ ಘಟ್ಟದ ಮೇಲೆ ಮೈಸೂರು ಸಂಸ್ಥಾನದ ಮಲೆನಾಡಿನಲ್ಲಿ ಅಡಕೆಯ ಕೊಳೆರೋಗವು ವರ್ಷವರ್ಷವೂ ಫಸಲನ್ನು ತಿನ್ನುತ್ತಿತ್ತು. ಗೊನೆಗಳಿಗೆ ಹುಲ್ಲಿನಿಂದಲೂ ಹಾಳೆಯಿಂದಲೂ ಕೊಟ್ಟೆ ಕಟ್ಟಿ ಮಳೆಯ ನೀರು ಸೋಕದಂತೆ ಕಾಪಾಡುವುದೊಂದೇ ಆಗಿನ ಉಪಾಯ. 1908ರಲ್ಲಿ ಕೆನಡಾ ದೇಶದಿಂದ ಮೈಸೂರಿನ ವ್ಯವಸಾಯದ ಇಲಾಖೆಗೆ ಬಂದ ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರು ಈ ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಪರೀಕ್ಷಿಸಿ, 1910ರಲ್ಲಿ ಬುಲೆಟಿನ್ ಪ್ರಕಟಿಸಿದರು. ದ್ರಾಕ್ಷಿಯ ಮದ್ದನ್ನೇ ರಾಳದ ಅಂಟು ಸೇರಿಸಿ ಗೊನೆಗೆ ಬಿಟ್ಟರೆ ಕೊಳೆ ನಿಲ್ಲುವುದೆಂದು ತೋರಿಸಿಕೊಟ್ಟವರು ಅವರೇ. ಅಂದು ಕಾರ್ಕಳವು ಮದರಾಸು ಆಧಿಪತ್ಯಕ್ಕೆ ಸೇರಿದ್ದರೂ ಮದ್ದಿಗೆ ಗಡಿಯ ಹಂಗಿಲ್ಲವಷ್ಟೆ. ಅದು ಘಟ್ಟವನ್ನು ಇಳಿದು ಬಂತು. ನಾವು ಮಹಾಳಿ ಎಂದು ಕರೆಯತಕ್ಕ ರೋಗವೂ ಇದೇ.

ಮೈಲುತುತ್ತದಲ್ಲಿ ನಾಲ್ಕರಲ್ಲೊಂದು ಪಾಲು ತಾಮ್ರವಿರುತ್ತದೆ. ಕೀಟಗಳಿಗೆ ಹೊಡೆಯುವ ಬಹುಪಾಲು ಮದ್ದುಗಳು ಬಿಸಿಲಿಗೂ ಮಣ್ಣಿನ ಜೀವಾಣುಗಳಿಗೂ ಸಿಕ್ಕಿ ಕ್ರಮೇಣ ಒಡೆದುಹೋಗುತ್ತವೆ. ತಾಮ್ರವು ಲೋಹ, ಅದು ಒಡೆಯುವುದಿಲ್ಲ, ಕೊಳೆಯುವುದಿಲ್ಲ. ಮಳೆಗೆ ಎಲೆಯಿಂದ ತೊಳೆದು ಮಣ್ಣಿಗೆ ಬೀಳುತ್ತದೆ. ಮಣ್ಣಿನ ಮೇಲ್ಪದರದಲ್ಲಿ, ಅದರಲ್ಲಿಯೂ ಕೊಳೆತ ಸೊಪ್ಪಿನ ಅಂಶಕ್ಕೆ ಅಂಟಿಕೊಂಡು, ಅಲ್ಲಿಯೇ ಉಳಿಯುತ್ತದೆ. ಅಡಕೆಯ ಫಸಲಿನೊಡನೆ ಹೊರಕ್ಕೆ ಹೋಗುವ ತಾಮ್ರವು ಅತ್ಯಲ್ಪ. ಬೋರ್ಡೋ ಸೀಮೆಯವರು ನೂರು ವರ್ಷಕ್ಕೂ ಮೇಲ್ಪಟ್ಟು ಇದನ್ನು ಬಿಟ್ಟ ಫಲವಾಗಿ ಅಲ್ಲಿಯ ಕೆಲವು ಹಳೆಯ ತೋಟಗಳ ಮಣ್ಣಿನಲ್ಲಿ ತಾಮ್ರವು ಸಹಜವಾಗಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿದೆ. ಅಂಥ ಮಣ್ಣಿನಲ್ಲಿ ಎರೆಹುಳುಗಳು ಕಡಮೆಯಾಗುತ್ತವೆ, ಎಳೆಯ ಸಸಿಗಳ ಬೇರು ಸೊರಗುತ್ತದೆ. ಇದನ್ನು ಕಂಡೇ ಯುರೋಪು ಒಕ್ಕೂಟದವರು 2019ರಿಂದ ಒಂದು ಹೆಕ್ಟೇರಿಗೆ ಏಳು ವರ್ಷಗಳಲ್ಲಿ 28 ಕಿಲೋಗ್ರಾಮಿಗಿಂತ ಹೆಚ್ಚು ತಾಮ್ರವನ್ನು ಹಾಕಕೂಡದೆಂದು ಕಟ್ಟಳೆ ಮಾಡಿದರು. ನಮ್ಮ ಲೆಕ್ಕಕ್ಕೆ ತಂದರೆ ಎಕರೆಗೆ ವರ್ಷಕ್ಕೆ ಸುಮಾರು 1.6 ಕಿಲೋ ಆಯಿತು.

ಈಗ ನಮ್ಮ ತೋಟದ ಲೆಕ್ಕವನ್ನು ನೋಡೋಣ. ಎಕರೆಗೆ 550 ಮರ. ಮರಕ್ಕೆ ಅರ್ಧ ಲೀಟರಿನಂತೆ ಬಿಟ್ಟರೆ 275 ಲೀಟರು ಮದ್ದು. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತವೆಂದರೆ 2.75 ಕಿಲೋ, ಅದರೊಳಗಿನ ತಾಮ್ರ 700 ಗ್ರಾಂ. ಎರಡು ಸಲ ಬಿಟ್ಟವರು 1.4 ಕಿಲೋ ಹಾಕಿದಂತಾಯಿತು. ಮೇಲೆ ಹೇಳಿದ ಮಿತಿಯೊಳಗೆ ಇದ್ದಾರೆ. ಮೂರು ಸಲ ಬಿಟ್ಟವರು 2.1 ಕಿಲೋ ಹಾಕಿ ಮಿತಿಯನ್ನು ದಾಟಿದರು. ಮರವೊಂದಕ್ಕೆ ಒಂದು ಲೀಟರಿನಂತೆ, ಹೆಡೆ ಕಾಂಡ ಎಲ್ಲವೂ ತೊಯ್ದು ನೆಲಕ್ಕೆ ಸುರಿಯುವ ತನಕ ಬಿಡುವವರ ಲೆಕ್ಕವನ್ನು ಅವರೇ ಮಾಡಿಕೊಳ್ಳಲಿ. ಅದರ ಮೇಲೆ ಅದೇ ಮರಕ್ಕೆ ಹಬ್ಬಿದ ಒಳ್ಳೆಮೆಣಸಿನ ಬಳ್ಳಿಗೆ ಸೊರಗು ರೋಗವೆಂದು ಎಲೆಗೂ ಬುಡಕ್ಕೂ ಮತ್ತೆ ಇದೇ ಮದ್ದು. ಅಡಕೆಗೊಂದು ಲೆಕ್ಕ, ಬಳ್ಳಿಗೊಂದು ಲೆಕ್ಕ ಬರೆದಿಡುತ್ತೇವೆ; ಮಣ್ಣು ಮಾತ್ರ ಎರಡನ್ನೂ ಕೂಡಿಸಿಯೇ ಇಟ್ಟುಕೊಳ್ಳುತ್ತದೆ. ಅಜ್ಜನ ಕಾಲದಿಂದ ಮದ್ದು ಬಿಟ್ಟ ತೋಟದಲ್ಲಿ ಹಳೆಯ ಮರ ಕಡಿದು ಹೊಸ ಸಸಿ ನೆಡುವವರು ಈ ಮಾತನ್ನು ವಿಶೇಷವಾಗಿ ಮನಸ್ಸಿಗೆ ತಂದುಕೊಳ್ಳಬೇಕು.

ಹೀಗೆಂದ ಮಾತ್ರಕ್ಕೆ ಮದ್ದನ್ನು ಬಿಡಬೇಡಿರೆಂದು ನಾನು ಹೇಳುತ್ತೇನೆಂದು ಯಾರೂ ಎಣಿಸಬಾರದು. ಆಷಾಢದ ಮಳೆಯಲ್ಲಿ ಮಹಾಳಿ ಹತ್ತಿದ ತೋಟವನ್ನು ನೋಡಿದವನು ಹಾಗೆ ಹೇಳಲಾರನು. ಸಾಲದ ಮೇಲೆ ನಿಂತ ಸಂಸಾರಕ್ಕೆ ಹತ್ತು ದಿನಗಳಲ್ಲಿ ಉದುರಿದ ಎಳೆಗಾಯಿಯೆಂದರೆ ಏನೆಂಬುದು ನನಗೆ ತಿಳಿದಿದೆ. ನನ್ನ ಮಾತೆಲ್ಲವೂ ಎಷ್ಟು, ಯಾವಾಗ, ಹೇಗೆ ಎಂಬುದನ್ನು ಕುರಿತದ್ದು.

ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುವುದು ಯುಕ್ತವಾಗಿ ತೋರುತ್ತದೆ. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಈ ತಾಲ್ಲೂಕಿನದೇ ಒಂದು ಗ್ರಾಮಕ್ಕೆ ಮೇ ತಿಂಗಳ ಕಡೆಯ ವಾರದಲ್ಲಿ ಮದ್ದು ಬಿಡುವ ಕ್ರಮವನ್ನು ತೋರಿಸಲು ಹೋಗಿದ್ದೆನು. ಮದ್ದು ಮಿಗದಿರುವುದಕ್ಕಿಂತ ಮಿಗುವುದೇ ಲೇಸೆಂದು ಎರಡು ಪೀಪಾಯಿ ಹೆಚ್ಚಾಗಿಯೇ ಕಲಸಿಸಿದೆನು. ಸಂಜೆಗೆ ಒಂದು ಪೀಪಾಯಿ ಉಳಿಯಿತು. ಆಳುಗಳು ಏನು ಮಾಡಬೇಕೆಂದು ಕೇಳಲು, ತೋಡಿನಲ್ಲಿ ಚೆಲ್ಲಿ ಪಂಪನ್ನೂ ಕೊಳವೆಯನ್ನೂ ಅಲ್ಲಿಯೇ ತೊಳೆದುಬಿಡಿರೆಂದು ಹೇಳಿದವನು ನಾನೇ. ಕಾಲೇಜಿನಲ್ಲಿ ಓದಿದ್ದ ನನಗೆ ತೋಡು ಎಂದರೆ ಹರಿಯುವ ನೀರು ಎಂಬ ಭಾವನೆಯೇ ಹೊರತು ಮೇ ತಿಂಗಳಲ್ಲಿ ಅದು ಹರಿಯುವುದಿಲ್ಲವೆಂಬುದು ಹೊಳೆಯಲಿಲ್ಲ. ಕಟ್ಟದ ಹಿಂದೆ ಮೊಣಕಾಲುದ್ದದ ನೀರು ಅಲ್ಲಲ್ಲಿ ಗುಂಡಿಗಳಾಗಿ ನಿಂತಿತ್ತು. ಅಳಿದುಳಿದ ಮೀನು, ಏಡಿ, ಕಪ್ಪೆಗಳೆಲ್ಲ ಮಳೆಗಾಗಿ ಕಾಯುತ್ತ ಆ ಗುಂಡಿಗಳಲ್ಲಿಯೇ ಸೇರಿದ್ದವು.

ಮರುದಿನ ಬೆಳಿಗ್ಗೆ ಹೊರಟು ಸಂಕದ ಬಳಿಗೆ ಬಂದಾಗ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಕೆಳಗಿನ ಮನೆಯ ಮುದುಕಿಯೊಬ್ಬರು ದನವನ್ನು ನೀರಿಗೆ ಬಿಡದೆ ಹಗ್ಗ ಹಿಡಿದುಕೊಂಡು ನಿಂತಿದ್ದರು. ನನ್ನನ್ನು ಕಂಡು, “ಮದ್ದು ಬಿಟ್ಟದ್ದು ಅಡಕೆಗೋ ಮೀನಿಗೋ ಸ್ವಾಮೀ?” ಎಂದು ಕೇಳಿದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ನಿಜವಾಗಿ ತಿಳಿಯಲೆಂದೇ ಕೇಳಿದಂತಿತ್ತು. “ತಪ್ಪಾಯಿತು ಅಮ್ಮಾ” ಎಂದೆನು. ದನಕ್ಕೆ ಆ ವಾರವೆಲ್ಲ ಬಾವಿಯಿಂದ ನೀರು ಸೇದಿ ಹಾಕಿದರೆಂದು ಆಮೇಲೆ ತಿಳಿಯಿತು.

ಈ ಸಂಗತಿಯ ಒಳಗುಟ್ಟು ಇಷ್ಟೇ. ಮನುಷ್ಯನು ತಡೆದುಕೊಳ್ಳತಕ್ಕಷ್ಟು ತಾಮ್ರವನ್ನು ಮೀನು ತಡೆಯಲಾರದು. ನೀರಿನಲ್ಲಿ ಕರಗಿದ ತಾಮ್ರವು ಅದರ ಕಿವಿರುಗಳನ್ನು ಕೆಡಿಸುತ್ತದೆ. ಮೊದಲನೆಯ ಮದ್ದು ಮಳೆಗೆ ಮುಂಚೆಯೇ ಆಗಬೇಕು. ಮಳೆಗೆ ಮುಂಚೆಯೆಂದರೆ ತೋಡಿನಲ್ಲಿ ನೀರು ಅತ್ಯಂತ ಕಡಮೆಯಿರುವ ಕಾಲ. ಜುಲೈ ತಿಂಗಳಲ್ಲಿ ನೆರೆ ಹೋಗುವಾಗ ಚೆಲ್ಲಿದ ಒಂದು ಕೊಡ ಮದ್ದಿಗೂ ಮೇ ತಿಂಗಳಲ್ಲಿ ನಿಂತ ನೀರಿಗೆ ಚೆಲ್ಲಿದ ಒಂದು ಕೊಡಕ್ಕೂ ಅಜಗಜಾಂತರ. ಈ ತಾಲ್ಲೂಕಿನ ಬಹುಮಟ್ಟಿನ ತೋಡುಗಳು ಸ್ವರ್ಣಾ ನದಿಗೆ ಸೇರುತ್ತವೆ. ಸ್ವರ್ಣೆಯ ನೀರನ್ನು ಹಿರಿಯಡಕದ ಬಳಿಯ ಬಜೆಯಲ್ಲಿ ಅಣೆಕಟ್ಟಿನಿಂದ ನಿಲ್ಲಿಸಿ ಉಡುಪಿ ಮಣಿಪಾಲಗಳಿಗೆ ಕುಡಿಯಲು ಕೊಡುತ್ತಾರೆ. ಅಲ್ಲಿಯವರಿಗೆ ನಮ್ಮ ಮದ್ದು ವಿಷವಾಗುವುದೆಂದು ಹೆದರಿಸುವುದು ನನ್ನ ಉದ್ದೇಶವಲ್ಲ. ಅಷ್ಟು ದೂರ ಹೋಗುವಷ್ಟರಲ್ಲಿ ಅದು ಹೂಳಿಗೆ ಅಂಟಿ ಅಲ್ಪವಾಗುತ್ತದೆ. ಕೆಡುವುದು ಮೊದಲು ನಮ್ಮ ಮನೆಯ ಕೆಳಗಿನ ಗುಂಡಿಯೇ.

ಇನ್ನು ಮದ್ದನ್ನು ಕಲಸುವ ಕ್ರಮ. ಬಹು ಮಂದಿ ಇದನ್ನು ಬಲ್ಲೆವೆಂದೇ ತಿಳಿದಿರುವುದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಒಂದು ಕಿಲೋ ಮೈಲುತುತ್ತವನ್ನು 50 ಲೀಟರು ನೀರಿನಲ್ಲಿಯೂ, ಒಂದು ಕಿಲೋ ಸುಟ್ಟ ಸುಣ್ಣವನ್ನು ಬೇರೆ 50 ಲೀಟರಿನಲ್ಲಿಯೂ ಪ್ರತ್ಯೇಕವಾಗಿ ಕರಗಿಸತಕ್ಕದ್ದು. ಕಬ್ಬಿಣದ ಪಾತ್ರೆ ಕೂಡದು. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯುತ್ತ ಕೋಲಿನಿಂದ ಎಡೆಬಿಡದೆ ಕದಡಬೇಕು. ಅನಂತರ ಚೆನ್ನಾಗಿ ಉಜ್ಜಿದ ಕತ್ತಿಯ ಅಲಗನ್ನು ಒಂದೆರಡು ನಿಮಿಷ ಅದ್ದಿ ನೋಡಬೇಕು. ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು. ಬಣ್ಣ ಕೂಡದಿರುವ ತನಕ ಸುಣ್ಣದ ನೀರನ್ನು ಸೇರಿಸಬೇಕು. ನಮ್ಮ ಕರಾವಳಿಯ ಚಿಪ್ಪು ಸುಣ್ಣವು ಹೊಸದಾಗಿದ್ದರೆ ಬಹಳ ಒಳ್ಳೆಯದು. ಗಾಳಿಗೆ ಬಿದ್ದು ಹಳೆಯದಾದ ಸುಣ್ಣವನ್ನು ತೂಗಿ ಹಾಕಿದೆನೆಂದು ಕತ್ತಿ ಅದ್ದದೆ ಬಿಡುವವರೇ ಹೆಚ್ಚು. ಸುಣ್ಣ ಸಾಲದ ಮದ್ದು ಎಳೆಗಾಯಿಯನ್ನು ಸುಡುತ್ತದೆ, ಮಳೆಗೆ ಬೇಗನೆ ತೊಳೆದುಹೋಗುತ್ತದೆ, ತೋಡಿಗೆ ಇಳಿಯುವ ತಾಮ್ರವೂ ಅದರಿಂದಲೇ ಹೆಚ್ಚು. ಮದ್ದು ನಿಲ್ಲಲಿಲ್ಲವೆಂದು ಮೂರನೆಯ ಸಲ ಬಿಡಿಸಿದ ಅನೇಕ ತೋಟಗಳಲ್ಲಿ ನಾನು ಪರೀಕ್ಷಿಸಿ ನೋಡಿದಾಗ ದೋಷವಿದ್ದದ್ದು ಸುಣ್ಣದಲ್ಲಿ, ಮಳೆಯಲ್ಲಲ್ಲ.

ಕಲಸಿದ ಮದ್ದನ್ನು ಅದೇ ದಿನ ಮುಗಿಸತಕ್ಕದ್ದು. ಆದ್ದರಿಂದ ಮೊದಲು ಮರಗಳನ್ನು ಎಣಿಸಿ, ಅರ್ಧ ದಿನಕ್ಕೆ ಬೇಕಾದಷ್ಟನ್ನೇ ಕಲಸಬೇಕು. ಗೊನೆಗೆ ಮಾತ್ರ, ಅದರ ಎಲ್ಲ ಮಗ್ಗುಲೂ ತೆಳುವಾಗಿ ತೊಯ್ಯುವಂತೆ ಬಿಟ್ಟರೆ ಸಾಕು. ಎರಡನೆಯ ಮದ್ದು ನಲವತ್ತರಿಂದ ನಲವತ್ತೈದು ದಿನಗಳ ಮೇಲೆ, ಮಳೆ ಬಿಡುವು ಕೊಟ್ಟ ದಿನ. ಮೂರನೆಯದು ಮಳೆ ಬಹಳ ದಿನ ಮುಂದುವರಿದ ವರ್ಷಕ್ಕೆ ಮಾತ್ರ. ಅದನ್ನು ವಾಡಿಕೆ ಮಾಡಿಕೊಳ್ಳಬಾರದು. ಮರ ಹತ್ತುವವರು ಸಿಕ್ಕುವುದು ದುರ್ಲಭವಾಗಿರುವುದರಿಂದ ಸಿಕ್ಕಿದ ದಿನ ಸಿಕ್ಕಿದಷ್ಟು ಬಿಡಿಸಿಬಿಡೋಣವೆಂಬ ಆತುರ ನನಗೆ ಅರ್ಥವಾಗದೆ ಇಲ್ಲ. ಆದರೆ ಉದುರಿದ ರೋಗದ ಕಾಯಿಗಳನ್ನು ಹೆಕ್ಕಿ ಸುಡುವುದಕ್ಕೂ, ಹಿಂದಿನ ವರ್ಷದ ಒಣಗೊನೆಗಳನ್ನು ತೆಗೆಯುವುದಕ್ಕೂ, ನೀರು ನಿಲ್ಲದಂತೆ ಕಣಿಗಳನ್ನು ಬಿಡಿಸುವುದಕ್ಕೂ ಒಬ್ಬ ಆಳು ಖರ್ಚಾದರೆ, ಅದು ಅರ್ಧ ಮದ್ದಿಗೆ ಸಮನೆಂದು ನನ್ನ ಅಭಿಪ್ರಾಯ.

ಪಂಪನ್ನೂ ಪೀಪಾಯಿಯನ್ನೂ ತೊಳೆದ ನೀರನ್ನು ತೋಟದೊಳಗೇ ಬಾವಿಯಿಂದಲೂ ಕಣಿಯಿಂದಲೂ ದೂರವಾದ ಸ್ಥಳದಲ್ಲಿ, ಮರಮರಕ್ಕೆ ಸ್ವಲ್ಪಸ್ವಲ್ಪವಾಗಿ ಹಂಚಿ ಹೊಯ್ಯತಕ್ಕದ್ದು. ತೋಟದ ಕಡೆಯ ಕಣಿ ತೋಡಿಗೆ ಸೇರುವುದಕ್ಕೆ ಮುಂಚೆ ಒಂದು ಆಳಿನ ಉದ್ದಗಲದ ಹೂಳುಗುಂಡಿಯನ್ನು ತೋಡಿಸಿ. ತಾಮ್ರವು ಮಣ್ಣಿನ ಕಣಕ್ಕೆ ಅಂಟಿಕೊಂಡೇ ಹೊರಗೆ ಹೋಗುವುದರಿಂದ ಮಣ್ಣನ್ನು ನಿಲ್ಲಿಸಿದರೆ ಬಹುಪಾಲು ತಾಮ್ರವನ್ನೂ ನಿಲ್ಲಿಸಿದಂತಾಯಿತು. ತೋಡಿನ ದಡದ ಹತ್ತು ಅಡಿ ಅಗಲದ ಹುಲ್ಲನ್ನು ಕೆತ್ತಬೇಡಿ, ಕಳೆನಾಶಕವನ್ನೂ ಹೊಡೆಯಬೇಡಿ. ದ್ರಾಕ್ಷಿ ತೋಟದವರೂ ಈಗ ಸಾಲುಗಳ ನಡುವೆ ಹುಲ್ಲನ್ನು ಬೆಳೆಯಲು ಬಿಡುತ್ತಾರೆ. ಒಂದು ಕಾಲದಲ್ಲಿ ಅವರೂ ನೆಲವನ್ನು ಬೋಳಿಸಿ ಗುಡಿಸಿದ ತೋಟವನ್ನೇ ಚೆಂದವೆನ್ನುತ್ತಿದ್ದರು.

ಕಾಪು ಕಡೆಯಿಂದ ಬಂದಿರತಕ್ಕ ಮಲ್ಲಿಗೆ ಕೃಷಿಕರಿಗೆ ಒಂದು ಮಾತು. ಶಂಕರಪುರದ ಮಲ್ಲಿಗೆಗೆ ತಾವು ಹಾಕುವ ಮದ್ದು ಬೇರೆಯಾದರೂ ತಮ್ಮ ನೆಲವು ನಮ್ಮ ಮುರಕಲ್ಲಿನ ನೆಲಕ್ಕಿಂತ ಹೆಚ್ಚು ಎಚ್ಚರವನ್ನು ಬೇಡುತ್ತದೆ. ಕಡಲ ಬದಿಯ ಹೊಯಿಗೆ ಮಣ್ಣಿನಲ್ಲಿ ಸೊಪ್ಪಿನ ಅಂಶ ಕಡಮೆ, ಬಾವಿಯ ನೀರು ಕೈಗೆಟುಕುವಷ್ಟು ಮೇಲೆ. ಗಿಡದ ಬುಡಕ್ಕೆ ಹೊಯ್ದದ್ದು ಬಾವಿಗೆ ಇಳಿಯಲು ಬಹಳ ಕಾಲ ಬೇಡ.

ಮಣ್ಣಿನ ಮಾತು ಬಂದದ್ದರಿಂದ ಕುಮ್ಕಿಯ ವಿಷಯವನ್ನು ಹೇಳದೆ ಇರಲಾರೆ. ನಮ್ಮ ಹಿರಿಯರು ವರ್ಗಜಾಗದ ಸುತ್ತ ನೂರು ಗಜದೊಳಗಿನ ಕುಮ್ಕಿ ಗುಡ್ಡದಿಂದ ಸೊಪ್ಪು ತರಗೆಲೆಗಳನ್ನು ತಂದು ಹಟ್ಟಿಗೆ ಹಾಸಿ, ಗೊಬ್ಬರ ಮಾಡಿ ತೋಟಕ್ಕೆ ಹಾಕುತ್ತಿದ್ದರು. ಆ ಸೊಪ್ಪೇ ಮಣ್ಣಿನಲ್ಲಿ ತಾಮ್ರವನ್ನು ಹಿಡಿದಿಟ್ಟು ಬೇರಿಗೆ ಬಾಧೆಯಾಗದಂತೆ ಕಾಯುತ್ತಿದ್ದದ್ದು. ಈಗ ಅನೇಕ ಕಡೆ ಆ ಗುಡ್ಡಗಳು ರಬ್ಬರಾಗಿವೆ, ಇಲ್ಲವೆ ಯಂತ್ರದಿಂದ ಸಮತಟ್ಟಾಗಿವೆ. ಸೊಪ್ಪು ನಿಂತಿತು, ಮದ್ದು ನಿಲ್ಲಲಿಲ್ಲ. ನಮ್ಮ ಮಣ್ಣು ಸಹಜವಾಗಿಯೇ ಹುಳಿ; ಹುಳಿ ಮಣ್ಣಿನಲ್ಲಿ ತಾಮ್ರವು ಸಡಿಲವಾಗಿ ಬೇರಿಗೆ ಸಿಕ್ಕುತ್ತದೆ. ಅಡಕೆಯ ಸೋಗೆ, ಹಾಳೆ, ಸಿಪ್ಪೆಗಳನ್ನು ಸುಡದೆ ಬುಡಕ್ಕೆ ಹಾಕುವುದು, ಮಣ್ಣನ್ನು ಪರೀಕ್ಷೆ ಮಾಡಿಸಿ ತಕ್ಕಷ್ಟು ಸುಣ್ಣ ಎರಚುವುದು, ಇವೆರಡು ಈಗ ಅತ್ಯವಶ್ಯಕ.

ಅದೇ ಸೋಗೆಯ ಮುಚ್ಚಿಗೆಯು ಬೇಸಗೆಯಲ್ಲಿ ನೀರನ್ನೂ ಉಳಿಸುತ್ತದೆ. ಕಣಿಯಲ್ಲಿ ನೀರು ಬಿಟ್ಟು ಹಾಳೆಯಿಂದ ಎರಚುವ ಕಾಲದಿಂದ ತುಂತುರು ನೀರಾವರಿಯ ಕಾಲಕ್ಕೆ ಬಂದಿದ್ದೇವೆ. ಮಾರ್ಚಿಯಿಂದ ಮೇ ತನಕ ನಾಲ್ಕು ದಿನಕ್ಕೊಮ್ಮೆ ಮರಕ್ಕೆ 175 ಲೀಟರು ಕೊಡುವವನು ಎಕರೆಗೆ ದಿನವೊಂದಕ್ಕೆ ಸರಾಸರಿ 24,000 ಲೀಟರನ್ನು ಎತ್ತುತ್ತಾನೆ. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರು ಸಾಕಾಗುವುದರಿಂದ ಎಕರೆಗೆ 10,000 ಲೀಟರಿನಲ್ಲಿ ಕೆಲಸ ಮುಗಿಯುತ್ತದೆ. 2019ರ ಬೇಸಗೆಯಲ್ಲಿ ಬಜೆಯ ನೀರು ತಳಕ್ಕೆ ಹೋಗಿ ಉಡುಪಿಯವರು ಸರದಿಯ ಮೇಲೆ ನೀರು ಪಡೆದದ್ದನ್ನು ತಾವು ಬಲ್ಲಿರಿ. ಅಂಥ ವರ್ಷಗಳಲ್ಲಿ ಮೇಲಿನ ತೋಟದವರು ನದಿಯನ್ನು ಬತ್ತಿಸಿದರೆಂದು ಪೇಟೆಯವರೂ, ಪೇಟೆಯವರು ನಮ್ಮ ಪಂಪನ್ನು ನಿಲ್ಲಿಸುತ್ತಾರೆಂದು ತೋಟದವರೂ ದೂರುತ್ತಾರೆ. ಈ ವ್ಯಾಜ್ಯದಲ್ಲಿ ತೀರ್ಪು ಹೇಳುವ ಅಧಿಕಾರ ನನಗಿಲ್ಲ. ಆದರೆ 24,000ಕ್ಕೂ 10,000ಕ್ಕೂ ನಡುವಣ 14,000 ಲೀಟರು ಯಾರ ಅಡಕೆಯನ್ನೂ ಬೆಳೆಸದೆ ಹೋಗುವ ನೀರೆಂಬುದನ್ನು ಮಾತ್ರ ಹೇಳಬಲ್ಲೆ. ಡಿಸೆಂಬರಿನಲ್ಲಿ ಊರವರು ಕೂಡಿ ಹಾಕುತ್ತಿದ್ದ ಮಣ್ಣುಕಟ್ಟವನ್ನು ಮತ್ತೆ ಹಾಕಿದರೆ, ಕಿಂಡಿ ಅಣೆಕಟ್ಟಿದ್ದಲ್ಲಿ ಹಲಗೆಗಳನ್ನು ಹೊತ್ತಿಗೆ ಸರಿಯಾಗಿ ಇಳಿಸಿದರೆ, ಸುತ್ತಣ ಬಾವಿಗಳಿಗೂ ಬಲ ಬರುತ್ತದೆ. ಹಲಗೆ ಗೆದ್ದಲು ಹಿಡಿದು ಬಿದ್ದಿರುವ ಅಣೆಕಟ್ಟುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಆ ಮುದುಕಿಯ ತೋಡಿಗೆ ನಾನು ಹೋದ ವರ್ಷ ಪುನಃ ಹೋಗಿದ್ದೆನು. ಅವರು ಈಗಿಲ್ಲ. ಮೇಲಿನ ತೋಟದವರು ಹೂಳುಗುಂಡಿ ಮಾಡಿಸಿದ್ದಾರೆ. ಮೂರನೆಯ ಮದ್ದನ್ನು ನಿಲ್ಲಿಸಿ ನಾಲ್ಕು ವರ್ಷವಾಯಿತಂತೆ, ಅದರಲ್ಲಿ ಒಂದು ವರ್ಷ ಮಹಾಳಿ ತಗಲಿ ಸ್ವಲ್ಪ ಫಸಲು ಹೋಯಿತೆಂದೂ ಮುಚ್ಚುಮರೆಯಿಲ್ಲದೆ ಹೇಳಿದರು. ಗುಂಡಿಯಲ್ಲಿ ಸಣ್ಣ ಮೀನುಗಳಿದ್ದವು.

ಮಣ್ಣಿನ ಮಾದರಿಯನ್ನು ತೆಗೆಯುವವರು ಮರದ ಬುಡದಿಂದ ಎರಡು ಅಡಿ ದೂರದಲ್ಲಿ, ಮೇಲಿನ ಒಂಬತ್ತು ಅಂಗುಲದಿಂದ, ಎಕರೆಯಲ್ಲಿ ಎಂಟು ಹತ್ತು ಕಡೆ ತೆಗೆದು ಬೆರೆಸಿ ಅರ್ಧ ಕಿಲೋ ತರಬೇಕು. ಮದ್ದು ಬಿಡುವುದಕ್ಕೆ ಮುಂಚೆಯೇ ತೆಗೆದರೆ ಲೇಸು. ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸುವಾಗ ತಾಮ್ರದ ಅಂಶವನ್ನೂ ನೋಡಿಸಬೇಕೆಂದು ಬಾಯಿಬಿಟ್ಟು ಕೇಳಿರಿ. ಈಗ ಅಂಗಳದಲ್ಲಿ ಎರಡು ಪೀಪಾಯಿಗಳನ್ನು ಸಿದ್ಧಮಾಡಿದೆ. ಒಂದರಲ್ಲಿ ಹೊಸ ಸುಣ್ಣವೂ ಇನ್ನೊಂದರಲ್ಲಿ ಅಟ್ಟದಲ್ಲಿ ಕಳೆದ ವರ್ಷದಿಂದ ಇದ್ದ ಸುಣ್ಣವೂ ಇದೆ. ತಾವು ಒಂದೊಂದು ಕತ್ತಿಯನ್ನು ತೆಗೆದುಕೊಂಡು ಬಂದರೆ ಎರಡರಲ್ಲಿಯೂ ಅದ್ದಿ ನೋಡೋಣ.